ಹಿತ್ತಾಳೆ ಬಿಲ್ಲೆ

ಹಟ್ಟಿಯಲ್ಲಿ ಎರಡನೇ ಪಾಳಿಯ ಸೈರನ್ ಕೂಗುವಾಗ
ಹುಸೇನಪ್ಪ ಸೀಟಿ ಊದುವುದಿಲ್ಲ.
ಎರಡೂ ಕೂಡಿದರೆ ಮಕ್ಕಳಿಗೆ
ಯಾವುದು ಗಣಿ ಯಾವುದು ಆಟ ತಿಳಿಯದೆಂದು
ಸದ್ದು ಪೂರ್ತಿ ಆರುವ ತನಕ ಕಾಯುತ್ತಾನೆ,
ಎಡಗಾಲ ಮೇಲೆ ಭಾರ ಹಾಕದೆ.

ಆ ಎಡಗಾಲನ್ನು ನಾನು ಕಂಡಿದ್ದೇನೆ.
ಕಂಪನಿ ತಂಡದ ಬೆಂಚಿನ ಮೇಲೆ ನಾಲ್ಕು ವರ್ಷ ಕೂತು,
ಒಂದು ದಿನವೂ ಅಂಗಳಕ್ಕಿಳಿಯದ ಹನ್ನೆರಡನೆಯವನಾಗಿ,
ನಿಂಬೆಹಣ್ಣು ಹೋಳು ಮಾಡುತ್ತ ಕಂಡಿದ್ದೇನೆ.
ಬಲಗಾಲು ದಿಬ್ಬಣದ ಜೊತೆ ಬಂದ ಬೀಗ,
ಎಡಗಾಲೇ ಮದುಮಗ.
ಮೂಲೆಯಿಂದ ಹೊಡೆದರೆ ಚೆಂಡು
ಕುಡುಗೋಲಿನಂತೆ ಬಾಗಿ
ಗೋಲಿಯ ಕಿವಿ ಸವರಿ ಒಳಗೆ.

ಎಂಬತ್ತಾರರ ಸೆಮಿಫೈನಲ್, ಕೋಲಾರದವರ ಮೇಲೆ.
ಬಂಗಾರ ತೆಗೆಯುವವರಿಗೂ ಬಂಗಾರ ತೆಗೆಯುವವರಿಗೂ ಪಂದ್ಯ,
ಗೆದ್ದವರಿಗೆ ಸ್ಟೀಲಿನ ಕಪ್ಪು.
ಕೊನೆಯ ನಿಮಿಷದ ಪೆನಾಲ್ಟಿ ಅವನಿಗೆ.
ಚೆಂಡು ಕಂಬದ ಮೇಲೆ ಹಾರಿ, ಬೇಲಿಯ ಮೇಲೆ ಹಾರಿ
ಗಿರಣಿಯ ಬೂದು ಕೆಸರಿನ ದಿಬ್ಬಕ್ಕೆ ಬಿತ್ತು.
ಕತ್ತಲಾಗುವ ತನಕ ಹುಡುಕಿದೆವು,
ಕೋಲಾರದ ಹುಡುಗರೂ ಪ್ಯಾಂಟು ಮಡಚಿ ಹುಡುಕಿದರು.
ಸಿಗಲಿಲ್ಲ.

ಮರುವರ್ಷ ಗದಗಿನಲ್ಲಿ ಮೊಣಕಾಲು.
ಬೆಂಚಿಗೇ ಕೇಳಿಸಿತು ಆ ಶಬ್ದ,
ಒಣ ತೊಗರಿ ಕಟ್ಟಿಗೆ ಮುರಿದಂತೆ.

ಕಂಪನಿ ಅವನಿಗೆ ಲ್ಯಾಂಪ್ ರೂಮು ಕೊಟ್ಟಿತು.
ಇಳಿಯುವವ ತನ್ನ ನಂಬರಿನ ಬಿಲ್ಲೆ ಒಯ್ಯಬೇಕು,
ಏರಿ ಬಂದವ ಮೊಳೆಗೆ ತೂಗಹಾಕಬೇಕು.
ಇಪ್ಪತ್ತೆರಡು ವರ್ಷ ಆ ಹಲಗೆಯ ಮುಂದೆ ನಿಂತು
ಪಾಳಿಗೊಮ್ಮೆ ಎಣಿಸಿದ.
ಒಂದು ರಾತ್ರಿ ಇನ್ನೂರ ಹನ್ನೆರಡರ ಮೊಳೆ ಖಾಲಿ ಉಳಿಯಿತು.
ಅದು ಯಾರದೆಂದು ಅವನು ಇವತ್ತಿಗೂ ಹೇಳುವುದಿಲ್ಲ.
ನಾನು ಹೇಳುತ್ತೇನೆ: ನಮ್ಮ ಗೋಲಿ, ಮೌಲಾಲಿ.

ಮುಂದೆ ಬೆರಳಚ್ಚಿನ ಯಂತ್ರ ಬಂತು.
ಗುಜರಿಗೆ ಹೊರಟ ಬಿಲ್ಲೆಗಳನ್ನು ಹುಸೇನಪ್ಪ
ಕಿಲೋ ಲೆಕ್ಕದಲ್ಲಿ ಕೊಂಡು ಮನೆಗೆ ತಂದ.
ಹೆಂಡತಿ ಬೈದಳು, ಹುಣಸೆಹಣ್ಣು ಹಚ್ಚಿ ತೊಳೆದೂ ಕೊಟ್ಟಳು.

ಈಗ ಕ್ವಾರ್ಟರ್ಸ್ ಹಿಂದಿನ ಬಯಲಲ್ಲಿ ಇಪ್ಪತ್ತಾರು ಮಕ್ಕಳು.
ಒಬ್ಬೊಬ್ಬರ ಕೊರಳಲ್ಲಿ ದಾರಕ್ಕೆ ಪೋಣಿಸಿದ ಒಂದೊಂದು ನಂಬರು.
ಮೊದಲ ಪಾಠ, ಕಲ್ಲು ಆರಿಸುವುದು.
"ಜ್ವಾಳ ಹಸನ ಮಾಡೂ ಕೈ ಬೇಕ್ರಲೇ ಮೊದ್ಲ,
ಕಾಲಿನ ಮಾತು ಆಮ್ಯಾಲ."
ಎರಡನೆಯದು,
"ಚೆಂಡು ಏನ್ ನೋಡ್ತೀರಿ, ಅದು ಎಲ್ಲರಿಗೂ ಕಾಣ್ತೈತಿ.
ಯಾರೂ ಇಲ್ಲದ ಜಾಗ ನೋಡ್ರಿ."
ತಾನು ಹೊಡೆದ ಗೋಲುಗಳ ಕಥೆ ಹೇಳಿದ್ದಿಲ್ಲ.
ಹೇಳುವುದೊಂದೇ, ದಿಬ್ಬಕ್ಕೆ ಹೋದ ಚೆಂಡಿನದು;
ಪ್ರತಿಸಲವೂ ಅದು ಇನ್ನೊಂದು ಮೊಳ ಎತ್ತರ ಹಾರುತ್ತದೆ.

ರಾಯಚೂರಿನಿಂದ ಬಂದ ಸಾಹೇಬರು
ಹಾರ ಹಾಕಿ ಅಂದರು: ನೀವೂ ಬಂಗಾರ ತೆಗೀತೀರಿ ಬಿಡಿ!
ಹುಸೇನಪ್ಪ ಹಾರ ತೆಗೆದು ಮಡಚಿ ಕೈಯಲ್ಲಿಟ್ಟುಕೊಂಡ.
"ಒಂದ್ ಟನ್ ಕಲ್ಲು ಪುಡಿ ಮಾಡಿದ್ರ ನಾಕ್ ಗ್ರಾಮ್ ಬರ್ತೈತ್ರಿ ಸಾಹೇಬ್ರ.
ಉಳಿದ ಕಲ್ಲು ಏನ್ ತಪ್ಪು ಮಾಡಿತ್ತು?
ನಾ ಪುಡಿ ಮಾಡೂದಿಲ್ರಿ."

ಮೊನ್ನೆ ಸಂಜೆ ಮೊಳೆಗಳನ್ನು ಎಣಿಸಿದ. ಇಪ್ಪತ್ತೈದು.
ಮತ್ತೆ ಎಣಿಸಿದ.
ಹತ್ತೊಂಬತ್ತರ ಜಾಗ ಖಾಲಿ: ಹುಲಿಗೆಮ್ಮ,
ಎಡಗಾಲಿನ ಹುಡುಗಿ.
ಚೆಂಡು ದಿಬ್ಬದಾಚೆ ಹೋಗಿತ್ತು, ತರಲು ಓಡಿದ್ದಳು.
ಯಾರೂ ಮಾತಾಡಲಿಲ್ಲ. ಅವನ ಕೈ
ಹಲಗೆಯ ಮೇಲೆಯೇ ಇತ್ತು.

ಜಾಲಿಗಿಡಗಳ ನಡುವಿಂದ ಬಂದಳು,
ಮೊಣಕಾಲ ತನಕ ಬೂದು ಕೆಸರು.
"ಚೆಂಡು ಸಿಗ್ಲಿಲ್ರಿ ಸರ. ನಾ ಬಂದೀನಿ."

ಹನ್ನೆರಡು ನೂರು ರೂಪಾಯಿಯ ಹೊಸ ಚೆಂಡು.
ಅವನು ಬಿಲ್ಲೆ ಇಸಿದುಕೊಂಡು
ಅಂಗಿಗೆ ಒರೆಸಿ, ತಾನೇ ಮೊಳೆಗೆ ಹಾಕಿದ.
ಅದು ತೂಗಾಡುವುದು ನಿಲ್ಲುವ ತನಕ ನೋಡಿ
ಸೀಟಿ ಊದಿದ, ಮನೆಗೆ ಹೋಗಲು.

ನಾನು ಟಾರ್ಚು ಹಿಡಿದು
ದಿಬ್ಬದ ಕಡೆ ಹೊರಟೆ.
ಹನ್ನೆರಡನೆಯವನಿಗೆ ಕೆಲಸ ಸಿಕ್ಕಿತ್ತು.